ಕುದಿಸಿ ಕೊಟ್ಟ ಹೆಪ್ಪು

ತಡವಳದ ಸಕ್ಕುಬಾಯಿ ಮೊಳಕೆ ಜೋಳದ ಅಂಬಲಿ ಹುಳಿಗಿಟ್ಟರೆ ಎರಡನೆಯ ದಿನ ಗಡಿಗೆಯ ಬಾಯಿಗೆ ನೊರೆ ಬರುತ್ತಿತ್ತು. ಗಟ್ಟಿ, ಕಡು ಹುಳಿ. ಎರಡು ಬಟ್ಟಲಿಗೆ ತಲೆ ಮೆಲ್ಲಗೆ ತೂಗುವಂಥದ್ದು. ಉಣ್ಣೆ ಕತ್ತರಿಸುವ ದಿನ ಕುರುಬರೆಲ್ಲ ಅವಳ ಅಂಗಳದಲ್ಲೇ ಕೂಡುತ್ತಿದ್ದರು. ಅತ್ತೆ ಸಾಯುವಾಗ ಹೆಪ್ಪಿನ ಕುಡಿಕೆಯನ್ನು ಅವಳಿಗೇ ಕೊಟ್ಟಿದ್ದಳು, ಮೈದುನನ ಹೆಂಡತಿ ಸೋಮವ್ವನಿಗಲ್ಲ.

ಎಪ್ಪತ್ತೊಂದರ ಯುದ್ಧಕಾಲದಲ್ಲಿ ಜೋಳ ತುಟ್ಟಿಯಾಯಿತು. ತೆಳ್ಳಗೆ ಮಾಡಲು ಮನಸ್ಸಾಗದೆ ಸಕ್ಕುಬಾಯಿ ಅಂಬಲಿಯನ್ನೇ ನಿಲ್ಲಿಸಿದಳು. ಸೋಮವ್ವ ಅವಳಿಂದಲೇ ಹೆಪ್ಪು ಇಸಿದುಕೊಂಡು, ಅರ್ಧ ಜೋಳಕ್ಕೆ ನೀರು, ಬೆಲ್ಲ ಬೆರೆಸಿ, ಬೆಳಗಿನಿಂದ ಸಂಜೆಯವರೆಗೆ ಮಾತ್ರ ಹುಳಿ ಬರಿಸಿ, ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಮಾರತೊಡಗಿದಳು.

ಯುದ್ಧ ಮುಗಿದ ಮೇಲೆ ಸಕ್ಕುಬಾಯಿ ಮತ್ತೆ ಗಟ್ಟಿ ಅಂಬಲಿ ಇಟ್ಟಳು. ಕುರುಬರ ಹುಡುಗರು ಒಂದು ಗುಟುಕಿಗೆ ಬಟ್ಟಲು ಕೆಳಗಿಟ್ಟರು.

"ಭಾಳ ಹುಳಿ ಐತ್ರಿ ಕಾಕು. ಸೋಮಕಾಕುಂದು ಹಗುರ ಇರತೈತಿ."

ಗಂಡ ತುಕಾರಾಮನೂ ಒಂದು ದಿನ ಅಕ್ಕಲಕೋಟೆಯಿಂದ ಬಂದು, "ಸೋಮವ್ವ ಛಲೋ ಮಾಡ್ಯಾಳ" ಎಂದ.

"ನೀರು ಕುಡದು ಬಂದೀರಿ, ಅಷ್ಟ" ಎಂದಳು. ಹಂಚಿನ ಮೇಲಿನ ರೊಟ್ಟಿ ಸೀದದ್ದು ತಿಳಿಯಲಿಲ್ಲ.

ಬೇಸಿಗೆಯಲ್ಲಿ ಸೋಮವ್ವನೇ ಬಂದಳು. "ಅಕ್ಕಾ, ನನ್ನ ಹೆಪ್ಪು ಕೆಟ್ಟೈತ್ರಿ. ನಾಳಿ ಸಂತಿ. ಚೂರ ಕೊಡ್ರಿ."

ಸಕ್ಕುಬಾಯಿ ಒಳಗೆ ಹೋಗಿ ಚೂರು ಹೆಪ್ಪು ತೆಗೆದು, ಅದು ಮತ್ತೆ ಹುಳಿ ಹಿಡಿಸದಂತೆ ಕುದಿಸಿದಳು. ಕೊಂಚ ಆರಿಸಿ ಕುಡಿಕೆಗೆ ಹಾಕಿ ಕೊಟ್ಟಳು. ಸೋಮವ್ವ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಮರುದಿನ ಅವಳ ಸೋಲನ್ನು ಕಣ್ಣಾರೆ ನೋಡಬೇಕೆಂದು ಸಕ್ಕುಬಾಯಿ ಬಸ್ಸು ಹತ್ತಿದಳು. ನೋಡಿದರೆ ಸೋಮವ್ವನ ಸುತ್ತ ಎಂದಿಗಿಂತ ಹೆಚ್ಚು ಜನ.

"ಅಕ್ಕಾ, ಬರ್ರಿ! ಹೆಪ್ಪು ಹಿಡೀಲಿಲ್ಲ. ಬಾಜೂ ಅಂಗಡಿ ಭೀಮಣ್ಣ ಸೋಡಾ ಹಾಕಿ ನೋಡು ಅಂದ. ಕುಡೀರಿ."

ಸಿಹಿ, ತಂಪು, ಮೂಗಿಗೆ ಚುರುಕು. ಹುಳಿಯೇ ಇರಲಿಲ್ಲ. ಆದರೂ ಚೆನ್ನಾಗಿತ್ತು, ಅದನ್ನೇ ಅವಳಿಗೆ ತಾಳಲಾಗಲಿಲ್ಲ.

"ಹೆಪ್ಪು ನಾನ ಕುದಿಸಿ ಕೊಟ್ಟಿದ್ದೆ" ಎಂದುಬಿಟ್ಟಳು.

ಸೋಮವ್ವ ಗ್ಲಾಸು ತೊಳೆಯುತ್ತಲೇ ಹೇಳಿದಳು: "ಗೊತ್ತದ ಅಕ್ಕಾ. ಕುಡಿಕಿ ಇನ್ನಾ ಬೆಚ್ಚಗಿತ್ತು."

ಅಂದಿನಿಂದ ಸೋಮವ್ವ ಹೆಪ್ಪು ಕೇಳಲು ಬರಲಿಲ್ಲ. ಅದರ ಅಗತ್ಯವೇ ಅವಳಿಗಿರಲಿಲ್ಲ. ಮುಂದಿನ ಉಣ್ಣೆಯ ದಿನ ಹುಡುಗರು ಅವಳ ಸೋಡಾ ಅಂಬಲಿಯನ್ನೇ ಅಂಗಳಕ್ಕೆ ತರಿಸಿದರು. ಬಡಿಸಿದವಳು ಸಕ್ಕುಬಾಯಿ. ಗಟ್ಟಿಯದನ್ನು ಕೇಳಿದ ಮೂವರು ಮುದುಕರ ಬಟ್ಟಲು ತುಳುಕುವಂತೆ ತುಂಬಿದಳು. ಹುಡುಗರ ಗ್ಲಾಸುಗಳನ್ನು ಅರ್ಧಕ್ಕೇ ನಿಲ್ಲಿಸಿದಳು.