ತಕ್ಕಡಿ ಚಾಚಾನ ಹಿಂದಿನ ಕೋಣೆ

ಆಗ ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಲ್ಯಾಬಿನ ತಕ್ಕಡಿಯೊಂದು ಒಂದೇ ಕಡೆಗೆ ವಾಲತೊಡಗಿದಾಗ ಅದನ್ನು ಹಳೇ ಊರಿನ ಓಣಿಯಲ್ಲಿದ್ದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಅರವತ್ತು ದಾಟಿದವರು, ತಾತನ ಕಾಲದಿಂದಲೂ ಅದೇ ಕಸುಬು. ಓಣಿಯವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಕುಂತ್ಕಳ್ರಿ ಮೇಡಂ. ಇದ್ರಾಗೆ ಏನು ತೂಗ್ತೀರಿ?"

ಉಪ್ಪು, ತಾಮ್ರದ ಚೂರು ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಪಾಠ ಮಾಡುವವರ ಬಾಯಿ, ಸುಮ್ಮನಿರಲಿಲ್ಲ. "ವಿಜ್ಞಾನಿಗಳು ಭೂಮಿಯನ್ನೇ ತೂಗಿದ್ದಾರೆ ಚಾಚಾ," ಅಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಹೌದಾ. ಅಷ್ಟು ದೊಡ್ಡ ತಟ್ಟೆ ಯಾರು ಮಾಡಿಕೊಟ್ರು?"

ತಟ್ಟೆಯ ಕೆಲಸವಿಲ್ಲ ಎಂದು ವಿವರಿಸಿದೆ. ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಎಳೆಯುತ್ತದೆ. ಹಗುರವಾದ ಕಡ್ಡಿಯ ಎರಡು ತುದಿಗೂ ಸೀಸದ ಗುಂಡು ಕಟ್ಟಿ, ಸಣ್ಣ ಎಳೆಯಲ್ಲಿ ತೂಗುಬಿಟ್ಟು, ಪಕ್ಕಕ್ಕೆ ಭಾರವಾದ ಗುಂಡು ತಂದಿಟ್ಟರೆ ಕಡ್ಡಿ ಕೂದಲೆಳೆಯಷ್ಟು ತಿರುಗುತ್ತದೆ. ಎಷ್ಟು ತಿರುಗಿತು ಎಂಬುದರಿಂದ ಸೆಳೆತದ ಬಲ ಸಿಗುತ್ತದೆ, ಅದರಿಂದ ಭೂಮಿಯ ತೂಕ.

"ಅಂದ್ರೆ ಈ ಇಪ್ಪತ್ತು ಕೆಜಿ ಕಲ್ಲು ನನ್ನನ್ನೂ ಎಳೀತೈತೆ?"

"ಎಳೀತೈತೆ."

"ಮನೆಗೆ ಹೋಗೋದು ಅದಕ್ಕೇ ತಡ ಆಗ್ತೈತೆ. ಇವತ್ತು ನಮ್ಮನೆಯವ್ರಿಗೆ ಹೇಳ್ತೀನಿ." ನಗಲಿಲ್ಲ. "ಮೊದ್ಲು ನೀವು ಮಾಡಿ ತೋರಿಸ್ರಿ."

ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಶುರುವಾಯಿತು. ತೂಕದ ಕಲ್ಲುಗಳ ತಳಕ್ಕೆ ತುಂಬುವ ಸೀಸವನ್ನೇ ಚಾಚಾ ಎರಡು ಗುಂಡು ಮಾಡಿಕೊಟ್ಟರು. ದಾರಕ್ಕೆ, ಹಿರಿಯೂರಿನ ಅವರ ಭಾವಮೈದ ಕಳಿಸಿದ ಗಾಳದ ನೈಲಾನ್. ಕಡ್ಡಿ ನಿಲ್ಲಲೇ ಇಲ್ಲ. ನಾನು ಉಸಿರಾಡಿದರೂ ತಿರುಗುತ್ತಿತ್ತು. ಚಾಚಾ ಕಡ್ಡಿಯ ನಡುವಿಗೆ ತಗಡಿನ ಚೂರು ಅಂಟಿಸಿ, ಅದು ಎಣ್ಣೆ ಬಟ್ಟಲಲ್ಲಿ ಮುಳುಗಿರುವಂತೆ ಮಾಡಿದರು. ತೂಗಾಟ ತಗ್ಗಿತು. ಒಂದು ಗುಂಡಿನ ಪಕ್ಕಕ್ಕೆ ಇಪ್ಪತ್ತು ಕೆಜಿ ಕಲ್ಲಿಟ್ಟು, ಬಾಗಿಲು ಮುಚ್ಚಿ, ಹೊರಗಿನಿಂದ ಕಿಟಕಿಯ ಗಾಜಿಗೆ ಮುಖ ಒತ್ತಿ ನಿಂತೆವು. ಕಡ್ಡಿ ಮೆಲ್ಲಗೆ ಇಪ್ಪತ್ತು ಕೆಜಿಯ ಕಡೆಗೆ ತಿರುಗಿತು.

"ನೋಡಿದ್ರಾ?" ಅಂದೆ.

ಚಾಚಾ ಒಳಗೆ ಹೋಗಿ ಕಲ್ಲನ್ನು ಎತ್ತಿ ಗುಂಡಿನ ಆಚೆ ಪಕ್ಕಕ್ಕಿಟ್ಟು ಬಂದರು. ಕಾದೆವು. ಕಡ್ಡಿ ಮೊದಲು ಹೋಗುತ್ತಿದ್ದ ಕಡೆಗೇ ಹೋಗುತ್ತಿತ್ತು.

"ದಾರ ತನ್ನ ಹುರಿ ಬಿಚ್ಕಳ್ತೈತೆ ಮೇಡಂ. ಕಲ್ಲು ಎಳೆದಿದ್ದಲ್ಲ." ಅವರ ದನಿಯಲ್ಲಿ ಖುಷಿ ತುಳುಕುತ್ತಿತ್ತು. "ತಕ್ಕಡಿಗೂ ಹಿಂಗೇ. ತಟ್ಟೆ ಅದಲು ಬದಲು ಮಾಡಿ ನೋಡ್ದೆ ಯಾವುದನ್ನೂ ನಂಬಬಾರ್ದು."

ಎರಡು ಡಿಗ್ರಿ ಪಡೆದವಳು ನಾನು. ಮುಖ ಬಿಸಿಯಾಯಿತು.

ದಾರ ವಾರವಿಡೀ ತೂಗಿ ಸುಮ್ಮನಾಗಲಿ ಅಂದರು. ಮುಂದಿನ ಭಾನುವಾರ ಚಹಾ ಕುಡಿಯುತ್ತಾ ಕಾಯುವಾಗ ಬಾಗಿಲಿನ ಬಿಸಿಲು ತೋರಿಸಿ ಕೇಳಿದರು, "ಆ ಸೂರ್ಯನಿಗೆ ಏನು ಹಾಕಿ ಉರಿಸ್ತಾರೆ?"

"ಇದ್ದಿಲಾಗಿದ್ರೆ ಕೆಲವು ಸಾವಿರ ವರ್ಷಕ್ಕೇ ಬೂದಿ. ನಮ್ಮ ಕೋಟೆ ಬೆಟ್ಟದ ಬಂಡೆಗಳೇ ಇನ್ನೂರು ಕೋಟಿ ವರ್ಷಕ್ಕಿಂತ ಹಳೇವು. ಅಲ್ಲಿ ನಾಲ್ಕು ಹೈಡ್ರೋಜನ್ ಬೆಸೆದು ಒಂದು ಹೀಲಿಯಂ ಆಗ್ತೈತೆ. ತೂಗಿದ್ರೆ ಕಿಲೋಗೆ ಏಳು ಗ್ರಾಂ ಕಮ್ಮಿ. ಆ ಏಳು ಗ್ರಾಮೇ ಈ ಬಿಸಿಲು."

"ಸಂತೇಲಿ ತೂಕದಾಗೆ ಅಷ್ಟು ಹೊಡೆದ್ರೆ ತಕ್ಕಡಿ ಸೀಜ್ ಮಾಡ್ತಾರೆ. ಒಳಗೆ ಹೋಗಿ ನೋಡ್ದೋರು ಯಾರು?"

"ಯಾರೂ ಇಲ್ಲ. ಬೆಸೆಯುವಾಗ ಸಣ್ಣ ಕಣಗಳು ಹೊರಡ್ತವೆ. ಗಣಿಯ ಆಳದಲ್ಲಿ ತೊಟ್ಟಿ ಇಟ್ಟು ಅವನ್ನ ಹಿಡಿದ್ರು. ಮೊದಲು ಲೆಕ್ಕಕ್ಕಿಂತ ಕಮ್ಮಿ ಸಿಕ್ಕವು."

"ಮುಚ್ಚಿಟ್ರಾ?"

"ಇಲ್ಲ, ಎಲ್ಲರಿಗೂ ಹೇಳಿದ್ರು. ಹತ್ತಾರು ವರ್ಷ ಹುಡುಕಿದ್ಮೇಲೆ, ಅವು ದಾರೀಲಿ ವೇಷ ಬದಲಾಯಿಸ್ತವೆ, ಆ ತೊಟ್ಟಿಗೆ ಗುರುತು ಸಿಗಲ್ಲ ಅಂತ ಗೊತ್ತಾಯ್ತು."

"ಹಂಗಾದ್ರೆ ನಂಬಬೋದು," ಅಂದು ಲೋಟ ಕೆಳಗಿಟ್ಟರು.

ಅವತ್ತು ಕಲ್ಲು ಎಡಕ್ಕಿಟ್ಟರೆ ಕಡ್ಡಿ ಎಡಕ್ಕೆ, ಬಲಕ್ಕಿಟ್ಟರೆ ಬಲಕ್ಕೆ ತಿರುಗಿತು. ನಾನು ಬೀಗಿದೆ. ಚಾಚಾ ಬೀಗಲಿಲ್ಲ. ಮೂರನೇ ಭಾನುವಾರ ನಾನು ಹೋಗುವಷ್ಟರಲ್ಲಿ ಆ ವಾರವೆಲ್ಲ ಒಬ್ಬರೇ ಹನ್ನೆರಡು ಸಲ ಮಾಡಿ, ರಟ್ಟಿನ ಮೇಲೆ ಬರೆದಿಟ್ಟಿದ್ದರು. ಒಂಬತ್ತು ಸಲ ಸರಿ, ಮೂರು ಸಲ ಉಲ್ಟಾ.

"ಒಂದ್ಸಲ ಬೆಕ್ಕು ಬಂದಿತ್ತು. ಇನ್ನೆರಡು ಯಾಕೋ ಗೊತ್ತಿಲ್ಲ."

"ಆ ಮೂರು ಬಿಟ್ಬಿಡಿ ಚಾಚಾ."

"ಅದೆಂಗೆ ಬಿಡಾದು?" ಎಂದು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅಷ್ಟರಲ್ಲಿ ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಭೂಮಿ ತೂಗಿದ್ದು ಆಗಿದ್ರೆ ರೂಮ್ ಬಿಟ್ಕೊಡ್ರಿ ಮೇಡಂ, ಮೆಣಸಿನಕಾಯಿ ಚೀಲ ಇಡಬೇಕು," ಅಂದರು. ಬಿಚ್ಚಿಟ್ಟೆವು. ಭೂಮಿಯ ತೂಕ ಮಾತ್ರ ನಮಗೆ ಸಿಗಲಿಲ್ಲ, ಎಷ್ಟು ತಿರುಗಿತೆಂದು ಅಳೆಯುವಷ್ಟು ನಮ್ಮ ಕಡ್ಡಿ ನಾಜೂಕಾಗಿರಲಿಲ್ಲ. ಆ ರಟ್ಟನ್ನು ಕೇಳಿ ತಂದು ತರಗತಿಯಲ್ಲಿ ಹನ್ನೆರಡು ಸಾಲನ್ನೂ ಓದಿದೆ. ಬೆಕ್ಕಿಗೆ ಎಲ್ಲರೂ ನಕ್ಕರು. ಉಳಿದೆರಡರ ಕಾರಣ ನನಗೂ ಗೊತ್ತಿಲ್ಲ ಅಂದೆ. ಪಾಠ ಮಾಡುವ ಹೆಂಗಸಿಗೆ ಆ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ.