ನವಣೆ ಅನ್ನದ ಪಥ್ಯ

ವಡಗೇರಾ ರಸ್ತೆಯಲ್ಲಿ ಗೂಡ್ಸ್ ಆಟೊ ಮಗುಚಿ ನನ್ನ ಗಂಡನ ಎಡಗಾಲಿನ ಚರ್ಮ ಮೊಣಕಾಲ ಕೆಳಗೆ ಸುಲಿದು ಹೋಗಿತ್ತು. ಮೂಳೆ ಉಳಿದಿತ್ತು. ವಾರಗಳು ಕಳೆದರೂ ಗಾಯ ತುಂಬಲಿಲ್ಲ. ಡ್ರೆಸ್ಸಿಂಗ್ ಬಿಚ್ಚುವಾಗ ಮೊದಮೊದಲು ಗೋಡೆ ನೋಡುತ್ತಿದ್ದೆ. ಆಮೇಲೆ ಗಾಯವನ್ನೇ ನೋಡತೊಡಗಿದೆ. ಏನೂ ಅನಿಸುತ್ತಿರಲಿಲ್ಲ.

ಯಾದಗಿರಿಯ ಸರ್ಜನ್ ರಕ್ತದ ರಿಪೋರ್ಟ್ ನೋಡಿದರು. "ಆಲ್ಬುಮಿನ್ ತೀರಾ ಕಡಿಮೆ ಇದೆ. ಮೈಯಲ್ಲಿ ಪ್ರೋಟೀನ್ ಸಾಲದು. ಹೀಗಿದ್ದರೆ ಸ್ಕಿನ್ ಗ್ರಾಫ್ಟ್, ಅಂದರೆ ಬೇರೆ ಕಡೆಯ ಚರ್ಮ ತೆಗೆದು ಹಚ್ಚಿದರೂ ಹಿಡಿಯುವುದಿಲ್ಲ."

"ಹಿಡಿಲಿಲ್ಲಂದ್ರ?"

"ಇನ್ಫೆಕ್ಷನ್ ಮೂಳೆಗಿಳಿದರೆ ಕಾಲು ಉಳಿಸುವುದು ಕಷ್ಟ."

ನಾನು ತಲೆಯಾಡಿಸಿದೆ. ಬಸ್ಸು ತಡ ಎಂದು ಯಾರೋ ಹೇಳಿದಾಗ ಆಡಿಸುವ ಹಾಗೆ.

ಊಟಕ್ಕೇನು ಎಂದು ಕೇಳಿದರು. ಬಿಳಿ ಅನ್ನ, ಮೆಣಸಿನ ಸಾರು ಎಂದೆ.

"ಬೇಳೆ?"

"ಗಾಯಕ್ಕ ಬ್ಯಾಳಿ ನಂಜಾಗ್ತದಲ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಸುತ್ತ ಎಲ್ಲಿ ನೋಡಿದರೂ ತೊಗರಿ ಹೊಲ. ಆದರೂ ನಮ್ಮ ಕಡೆ ಗಾಯವಾದವರಿಗೆ ಬೇಳೆ ಹಾಕುವುದಿಲ್ಲ, ಕೀವು ತುಂಬುತ್ತದೆ ಎನ್ನುತ್ತಾರೆ. ಜೋಳದ ರೊಟ್ಟಿಯೂ ಜಡವೆಂದು ಬಿಡಿಸಿ ಮೆತ್ತಗಿನ ಅನ್ನ ಕೊಡುತ್ತಾರೆ. ನಮ್ಮ ಮನೆಯಲ್ಲಿ ಈ ಪಥ್ಯ ಕಾಯುತ್ತಿದ್ದವರು ನನ್ನ ಅತ್ತೆ.

ಮೊಟ್ಟೆ ಕೊಡಿ ಎಂದರು ಡಾಕ್ಟರ್. ನಾವು ತಿನ್ನುವವರಲ್ಲ ಎಂದೆ. "ಹಾಗಾದರೆ ಅಕ್ಕಿ ಬಿಟ್ಟು ನವಣೆ ಅನ್ನ ಮಾಡಿ, ಅದರಲ್ಲಿ ಪ್ರೋಟೀನ್ ಹೆಚ್ಚು. ರೊಟ್ಟಿ ಹಿಟ್ಟಿಗೆ ರಾಜಗಿರಿ ಬೆರೆಸಿ. ಬರೀ ಧಾನ್ಯ ಸಾಲದು, ಬೇಳೆ ಮೊಸರು ಬೇಕೇ ಬೇಕು," ಎಂದರು.

ಶಹಾಪುರದ ಕಿರಾಣಿ ಅಂಗಡಿಯಲ್ಲಿ ನವಣೆ ಕೇಳಿದೆ.

"ಅದ್ರಿ. ಗಿಣಿ ಸಾಕೀರೇನು?"

"ಹೌದ್ರಿ. ಸಿಪ್ಪಿ ತೆಗೆದದ್ದು ಕೊಡ್ರಿ," ಎಂದೆ. ವಿವರಿಸಲು ಶಕ್ತಿ ಇರಲಿಲ್ಲ. ಸಿಪ್ಪೆ ತೆಗೆದದ್ದನ್ನೇ ತಿನ್ನುವ ನಮ್ಮ ಗಿಣಿಯ ಗತ್ತು ಕೇಳಿ ಅಂಗಡಿಯವನು ತೂಗಿ ಕೊಟ್ಟ.

ಮೊದಲ ದಿನ ನವಣೆ ಅನ್ನಕ್ಕೆ ಬೇಳೆ ಹಾಕಿ ಇಟ್ಟೆ. ಅತ್ತೆ ತಾಟು ಎಳೆದುಕೊಂಡರು.

"ನನ್ನ ಮಗನ್ನ ಕೊಲ್ಲಬ್ಯಾಡ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸೌಟು ಹಿಡಿದು ಹಾಗೇ ನಿಂತೆ.

"ಅವ್ವಾ, ಕಾಲು ನಂದದ. ತಾಟು ಕೊಡು," ಎಂದರು ಇವರು.

ಆಮೇಲೆ ಅತ್ತೆ ತಮ್ಮ ಅನ್ನ ತಾವೇ ಬೇಯಿಸಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು. ಇವರಿಗೆ ಹೊಟ್ಟೆ ಉಬ್ಬಿತು. ಒಂದೆರಡು ದಿನ ಕಡಿಮೆ ಬಡಿಸಿ, ಮತ್ತೆ ಹೆಚ್ಚಿಸಿದೆ. ಉಪ್ಪು ಹೆಚ್ಚಾದರೂ ಇವರು ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಬೇಯಿಸುವುದು, ಬಡಿಸುವುದು, ಬ್ಯಾಂಡೇಜ್ ನೋಡುವುದು. ಕಾಲು ಹೋದರೆ ಹೇಗೆ ಎಂದು ಯೋಚಿಸಲು ಕೂತರೂ ಯೋಚನೆ ಮುಂದೆ ಹೋಗುತ್ತಿರಲಿಲ್ಲ.

ಆಲ್ಬುಮಿನ್ ನಿಧಾನಕ್ಕೆ ಏರಿತು. ತೊಡೆಯ ಚರ್ಮ ತೆಗೆದು ಕಾಲಿಗೆ ಹಚ್ಚಿದರು. ಡ್ರೆಸ್ಸಿಂಗ್ ಬಿಚ್ಚುವ ದಿನ ಅತ್ತೆಯೂ ಬಂದರು.

"ಹಿಡಿದಿದೆ," ಎಂದರು ಡಾಕ್ಟರ್.

ಇವರು ಕಣ್ಣು ಮುಚ್ಚಿಕೊಂಡರು. ಔಷಧಿಗಳ ಜೊತೆ ಊಟವೂ ಕೈಹಿಡಿಯಿತು, ಇನ್ನೂ ಕೆಲವು ತಿಂಗಳು ಬಿಡಬೇಡಿ ಎಂದು ಡಾಕ್ಟರ್ ನನಗೆ ಹೇಳುತ್ತಿದ್ದರು. ಅತ್ತೆ ನಡುವೆ ಬಂದು ನಿಂತರು.

"ಸಾಹೇಬ್ರ, ಬ್ಯಾಳಿ ತಿಂದ್ರ ಗಾಯ ಕೆಡಂಗಿಲ್ಲೇನ್ರಿ?"

"ಇಲ್ಲಮ್ಮ."

"ಹಸಿ ತೊಗರಿಕಾಯಿ ಕುದಿಸಿ ತಿಂದ್ರ?"

"ಅದರಿಂದಲೂ ಕೆಡುವುದಿಲ್ಲ."

ಅತ್ತೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ನಾನು ಸೊಸೆಯಾಗಿ ಬರುವ ಮೊದಲೇ ಮಾವ ಕಾಲಿನ ಗಾಯ ಕೆಟ್ಟು ತೀರಿಕೊಂಡಿದ್ದರು ಎಂದಷ್ಟೇ ನನಗೆ ಗೊತ್ತಿತ್ತು.

"ನಿಮ್ಮ ಮಾವ ತೊಗರಿಕಾಯಿ ಬೇಡಿದ್ರು," ಎಂದರು ಅತ್ತೆ. "ನಾನೇ ಸುಲಿದು ಸುಲಿದು ಬಾಯಾಗ ಇಟ್ಟಿದ್ದೆ. ಮುಂದ ಗಾಯ ಕೆಟ್ಟಿತು."

ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಹಂಗಾದ್ರ ನಾ ಕೊಂದಿಲ್ಲ."

"ಇಲ್ರೀ ಅತ್ತಿ," ಎಂದೆ. ಇಷ್ಟು ದಿನ ಬಾರದ ಅಳು ನನಗೆ ಅಲ್ಲಿ ಬಂತು.