ಕಂಬಕ್ಕೆ ಕೌದಿ ಹೊದಿಸಿದ ಮಾನಮ್ಮ

ನವಿ ಮುಂಬಯಿಯ ಕಾಮೋಠೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನಾಲ್ಕು ಮಹಡಿಯ ಕಟ್ಟಡದ ಕೆಳಗೆ, ಸಾಲು ಕಾರುಗಳ ನಡುವೆ, ಮಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕೆಂಪು ಕಾರಿನ ಮುಂದೆ ಕೈಸನ್ನೆ ಮಾಡುತ್ತ ಹಿಂದಡಿ ಇಡುತ್ತಿದ್ದಾರೆ. ಕಾರಿನ ಎಡಕ್ಕೆ ಕಂಬ, ಬಲಕ್ಕೆ ನೆರೆಯವರ ಹೊಸ ಗಾಡಿ. ಒಳಗೆ ಕೂತ ವೈಶಾಲಿ ಪನ್ವೇಲಿನ ಶಾಲೆಯಲ್ಲಿ ಶಿಕ್ಷಕಿ. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದಾರೆ.

"ಸಾವಕಾಶ ಬರ್ರಿ ತಾಯಿ, ಅವಸರ ಇಲ್ಲ. ಬಡದ್ರೂ ಕೌದಿಗೇ ಬಡೀತದ."

ಹೌದು, ಇಲ್ಲಿನ ಕಂಬಗಳಿಗೆಲ್ಲ ಸೊಂಟದೆತ್ತರಕ್ಕೆ ಕೌದಿ ಸುತ್ತಿದೆ. ಹಳೆಯ ಸೀರೆ, ಲುಂಗಿ, ಅಂಗಿಗಳನ್ನು ಪದರ ಪದರವಾಗಿ ಜೋಡಿಸಿ ಮಾನಮ್ಮ ಕೈಯಲ್ಲೇ ಹೊಲಿದಿದ್ದಾರೆ.

ಯಾದಗಿರಿ ಕಡೆಯ ಮಾನಮ್ಮ ಗಂಡನ ಜೊತೆ ಕಟ್ಟಡದ ಕೂಲಿಗೆಂದು ನವಿ ಮುಂಬಯಿಗೆ ಬಂದವರು. ಆಮೇಲೆ ಗಂಡ ಇಲ್ಲಿ ವಾಚ್‌ಮನ್ ಆದರು. ಅವರು ಕಾಯಿಲೆಯಿಂದ ತೀರಿಕೊಂಡಾಗ ಆ ಕೆಲಸವನ್ನು ತಮಗೇ ಕೊಡಿ ಎಂದು ಮಾನಮ್ಮ ಕೇಳಿದರು. ನೀರಿನ ಪಂಪು ಹಾಕುವುದು, ಕಾರು ತೊಳೆಯುವುದು, ಗೇಟು ಕಾಯುವುದು ಎಲ್ಲವೂ ಅವರದೇ. ಕಟ್ಟಡ ಎದ್ದಾಗ ಬೆರಳೆಣಿಕೆಯ ಕಾರುಗಳಿದ್ದ ಜಾಗದಲ್ಲಿ ಈಗ ಮನೆಗೊಂದು ಕಾರಿದೆ. ಸಣ್ಣ ಗೀರು ಬಿದ್ದರೂ ಜಗಳ.

"ನೋಡೀನಿ ಅಂದ್ರ ಇಬ್ಬರಿಗೆ ಜಗಳ ಹಚ್ಚಿದಂಗ. ನೋಡಿಲ್ಲ ಅಂದ್ರ, ನೀ ಇರೋದು ಯಾತಕ್ಕ ಅಂತ ನನಗ ಬೈಗುಳ" ಎಂದು ಮಾನಮ್ಮ ನಗುತ್ತಾರೆ.

ಎರಡನೇ ಮಹಡಿಯ ಮುರಾರಿ ಉಡುಪಿಯವರು, ಮೊದಲು ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಬೆಳಿಗ್ಗೆ ಡಯಾಲಿಸಿಸ್ ಆಗಬೇಕು. ಕಣ್ಣೂ ಮಂಜಾಗಿ ಅವರು ಕಾರು ಓಡಿಸುವುದನ್ನು ಬಿಟ್ಟರು. ಹೆಂಡತಿ ಪ್ರಭಾ ಅವರ ಹತ್ತಿರ ಲೈಸೆನ್ಸ್ ಇತ್ತು, ರೂಢಿ ಇರಲಿಲ್ಲ. ಮೊದಲ ದಿನವೇ ಕಾರಿನ ಬಾಗಿಲು ಕಂಬಕ್ಕೆ ಉಜ್ಜಿತು. ಗಾಬರಿಯಲ್ಲಿ ಹಿಂದಕ್ಕೆ ತೆಗೆದರೆ ಪಕ್ಕದವರ ಹೆಡ್‌ಲೈಟ್ ಒಡೆಯಿತು. ಬಾಲ್ಕನಿಗಳಿಂದ ಒಬ್ಬರು "ಲೆಫ್ಟ್ ಮಾರೋ" ಎಂದರೆ ಇನ್ನೊಬ್ಬರು "ಅರೇ, ರೈಟ್" ಎಂದು ಕೂಗಿದರು. ಪ್ರಭಾ ಅಳುತ್ತಾ ಇಳಿದರು.

"ಇನ್ನು ನಾನು ಈ ಗಾಡಿ ಮುಟ್ಟುದಿಲ್ಲ ಅಂತ ಹೇಳಿಬಿಟ್ಟೆ. ಮಾರಿಬಿಡುವ ಅಂದ್ರು ಇವರು" ಎಂದು ಪ್ರಭಾ ನೆನೆಯುತ್ತಾರೆ.

ಅದೇ ವಾರ ಮಳೆಗೆ ಒಂದು ರಿಕ್ಷಾವೂ ಸಿಗಲಿಲ್ಲ, ಮುರಾರಿಯವರ ಡಯಾಲಿಸಿಸ್ ತಪ್ಪಿತು. ಮರುದಿನ ಉಸಿರಿಗೆ ಒದ್ದಾಡಿದ ಅವರನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಸ್ಟ್ರೆಚರಿನ ಒಂದು ತುದಿ ಹಿಡಿದವರು ಮಾನಮ್ಮ.

ಮುರಾರಿ ಆಸ್ಪತ್ರೆಯಿಂದ ಮನೆಗೆ ಮರಳುವಷ್ಟರಲ್ಲಿ ಆ ಕಂಬಕ್ಕೆ ಕೌದಿ ಬಂದಿತ್ತು. ಮಾನಮ್ಮ ಮೇಲೆ ಹೋಗಿ ಬಾಗಿಲು ತಟ್ಟಿದರು. "ಅಕ್ಕಾರ, ಮಧ್ಯಾಹ್ನ ಎಲ್ಲಾರ ಗಾಡಿ ಆಫೀಸಿಗಿ ಹೋಗಿರ್ತಾವ. ಕೆಳಗ ಬರ್ರಿ."

"ನನ್ನಿಂದ ಆಗುದಿಲ್ಲ ಮಾನಮ್ಮ."

"ನನಗ ಗಾಡಿ ಹೊಡೀಲಿಕ್ಕ ಬರಲ್ಲ, ನಿಮಗ ಬರ್ತದ. ನಾ ಬರೇ ಜಾಗ ತೋರಸ್ತೀನ್ರಿ."

ನೆರೆಯವರ ಕಾರು ನಿಲ್ಲುವಲ್ಲಿ ಮಾನಮ್ಮ ತಮ್ಮ ಬಕೆಟ್ಟುಗಳನ್ನು ಸಾಲಾಗಿಟ್ಟರು. ಪ್ರಭಾ ಇಳಿದು ಬಂದು ಕಾರು ಹಿಂದಕ್ಕೆ ತೆಗೆದಾಗ ಬಕೆಟ್ಟುಗಳು ಉರುಳಿದವು, ಒಂದು ಒಡೆಯಿತು. "ಒಡೀಲಿ ಬಿಡ್ರಿ, ಬಕೆಟ್ ಏನು ಜಗಳಕ್ಕ ಬರ್ತದ?" ಎಂದರು. ಪ್ರಭಾ ಅಂದು ಮೊದಲ ಸಲ ಸ್ಟೀರಿಂಗ್ ಹಿಂದೆ ಕೂತು ನಕ್ಕರು. ಮಧ್ಯಾಹ್ನದ ಈ ಪಾಠ ತಿಂಗಳಿಗೂ ಮೀರಿ ನಡೆಯಿತು. ಆಮೇಲೆ ಮುರಾರಿ ಹೆಂಡತಿಯ ಪಕ್ಕದಲ್ಲಿ ಕೂತೇ ಆಸ್ಪತ್ರೆಗೆ ಹೋಗತೊಡಗಿದರು.

ಸೊಸೈಟಿಯ ಸೆಕ್ರೆಟರಿ ಲೀಲಾಧರ ಅವರಿಗೆ ಕೌದಿ ಹಿಡಿಸಲಿಲ್ಲ. "ಬಟ್ಟೆ ಒಣಗಲಿಕ್ಕೆ ಹಾಕಿದ ಹಾಗೆ ಕಾಣ್ತದೆ, ತೆಗಿ" ಎಂದರು. ದೀಪಾವಳಿ ತನಕ ಇರಲಿ ಎಂದು ಮಾನಮ್ಮ ಬೇಡಿಕೊಂಡರು. ದೀಪಾವಳಿಗೆ ಮನೆ ಸ್ವಚ್ಛ ಮಾಡಿದ ಹೆಂಗಸರು ಹಳೆ ಸೀರೆಗಳ ಗಂಟು ತಂದು, ತಮ್ಮ ಕಂಬಕ್ಕೂ ಹೊಲಿದುಕೊಡು ಎಂದರು. ಲೀಲಾಧರ ಮತ್ತೆ ಆ ಮಾತೆತ್ತಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಾನಮ್ಮ ತಂಗಿಯ ಮಗಳ ಮದುವೆಗೆ ಊರಿಗೆ ಹೋಗಿದ್ದರು. ಅಲ್ಲಿದ್ದಷ್ಟು ದಿನವೂ ಪ್ರಭಾ ಅವರದೇ ಯೋಚನೆ. ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ರೈಲಿಳಿದು, ಬಸ್ಸು ಹಿಡಿದು ಬಂದಾಗ ಪ್ರಭಾ ಅವರ ಕಾರಿನ ಜಾಗ ಖಾಲಿಯಿತ್ತು. ಚೀಲ ಪಕ್ಕಕ್ಕಿಟ್ಟು ಮೆಟ್ಟಿಲ ಹತ್ತಿರ ಕೂತರು. ಸ್ವಲ್ಪ ಹೊತ್ತಿಗೆ ಕಾರು ಒಳಗೆ ಬಂತು. ಪ್ರಭಾ ಹಿಂದಕ್ಕೆ ತೆಗೆದರು, ಅಂದಾಜು ತಪ್ಪಿತು. ಮುಂದೆ ಬಂದು ಮತ್ತೆ ತಿರುಗಿಸಿದರು. ಪಕ್ಕದ ಸೀಟಿನಲ್ಲಿ ಮುರಾರಿ ಕಣ್ಣುಮುಚ್ಚಿ ಒರಗಿದ್ದರು. ಮಾನಮ್ಮ ಎದ್ದು ಮುಂದೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಈ ಬೆಳಿಗ್ಗೆ ನಾನು ಕೇಳಿದೆ. ಮಾನಮ್ಮ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ ಕೊಡವಿದರು.

"ನಾ ಕಂಡ್ರ ಅಕ್ಕಾರು ಮತ್ತ ನನ್ನ ದಾರಿ ನೋಡ್ತಿದ್ರು. ಅದಕ್ಕ ಮೆಟ್ಟಿಲ ಮರೀಗಿ ಸರದು ಕುಂತೆ. ಗಾಡಿ ನೆಟ್ಟಗ ನಿಂತಿತು, ಅವರು ಇಳದು ಸಾಹೇಬ್ರ ಕೈ ಹಿಡದ್ರು. ಆಮ್ಯಾಲೇ ನಾ ಎದ್ದು ಹೋಗಿ ಮಾತಾಡ್ಸಿದೆ ನೋಡ್ರಿ."